ಕಾಣದ ಕೀಲನ್ನು ಪರೀಕ್ಷಿಸುವವರು ಯಾರು?

ಹೂಮಳೆ ಬಿದ್ದ ಮರುವಾರ ಮೂಡಿಗೆರೆ ಸೀಮೆಯಲ್ಲಿರುವ ನನ್ನ ಭಾವನವರ ಕಾಫಿ ತೋಟಕ್ಕೆ ಹೋಗಿದ್ದೆ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯಿಂದ ಒಂದೆರಡು ಕಿಲೋಮೀಟರ್ ಒಳಗಿರುವ ತೋಟ ಅದು. ಹಳೆಯ ಕೂಲಿ ಲೈನನ್ನು ಕೆಡವಿದ್ದ ಜಾಗದಲ್ಲಿ ಕ್ರೇನೊಂದು ನಿಂತು, ಲಾರಿಯಲ್ಲಿ ಬಂದ ಕಾಂಕ್ರೀಟು ಹಲಗೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿತ್ತು. ಬೆಳಿಗ್ಗೆ ಬರಿಯ ತಳಪಾಯವಿದ್ದಲ್ಲಿ ಸಂಜೆಯ ವೇಳೆಗೆ ಎರಡು ಮನೆಗಳ ಗೋಡೆ ಎದ್ದು ಛಾವಣಿಯೂ ಕುಳಿತಿತ್ತು. ಛಾವಣಿಯ ಹಲಗೆ ಗೋಡೆಯ ತಲೆಯ ಮೇಲೆ ಎರಡು ಮೂರು ಅಂಗುಲ ಮಾತ್ರ ಕುಳಿತಿರುವುದನ್ನು ಕಂಡು, ಇದನ್ನು ಗೋಡೆಗೆ ಹೇಗೆ ಬಿಗಿಯುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಿದೆ. ಆತ ನಕ್ಕು, ‘ಸಂದಿಗೆ ಸಿಮೆಂಟು ತುಂಬ್ತೀವಿ ಸಾರ್. ಒಂದೊಂದು ಹಲಗೆ ಎರಡು ಟನ್ ತೂಗುತ್ತೆ, ಅದು ಎಲ್ಲಿಗೆ ಹೋಗುತ್ತೆ?’ ಎಂದ.

ಆತ ಸುಳ್ಳು ಹೇಳಲಿಲ್ಲ. ತೂಕವಿದ್ದರೆ ಭದ್ರ ಎಂಬುದು ನಮ್ಮೆಲ್ಲರ ನಂಬಿಕೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಕಟ್ಟಡಗಳಿಗೆ ಮಂಜೂರಾತಿ ನೀಡಿ, ಬಿಲ್ಲುಗಳಿಗೆ ರುಜು ಹಾಕಿದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಜಗತ್ತಿನ ಹಲವೆಡೆ ನೆಲ ನಡುಗಿದಾಗ ಜನರನ್ನು ಕೊಂದದ್ದು ಈ ನಂಬಿಕೆಯೇ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಬೇಕು. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸುವ ಈ ‘ಪ್ರೀಕಾಸ್ಟ್’ ಪದ್ಧತಿಯನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಲ್ಲ. ಮಲೆನಾಡಿಗೆ ಅದು ಬರುತ್ತಿರುವುದಕ್ಕೆ ಬಲವಾದ ಆರ್ಥಿಕ ಕಾರಣಗಳಿವೆ. ಮೂಡಿಗೆರೆ, ಕಳಸಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಟ್ಟಡ ಕಟ್ಟಲು ದೊರೆಯುವ ಒಣ ತಿಂಗಳುಗಳು ಕೆಲವೇ, ಅವುಗಳಲ್ಲಿಯೂ ಬಹುಪಾಲು ಕಾಫಿ ಕೊಯ್ಲಿನವು. ಸೆಂಟ್ರಿಂಗ್ ಕೆಲಸದವರು, ಗಾರೆ ಕೆಲಸದವರು ಸಿಗುವುದು ದುರ್ಲಭವಾಗಿದೆ. ಹೊಳೆಯ ಮರಳು ತೆಗೆಯುವುದಕ್ಕೆ ನಿರ್ಬಂಧವಿದೆ. ಇಂಥ ಸ್ಥಿತಿಯಲ್ಲಿ ಎರಡು ವಾರದಲ್ಲಿ ಮನೆ ಎದ್ದು ನಿಲ್ಲುತ್ತದೆಂದರೆ ಯಾರು ಬೇಡವೆಂದಾರು? ಬೇಲಿಯ ಕಂಬ, ಬಾವಿಯ ರಿಂಗು, ಕಾಂಪೌಂಡಿನ ಹಲಗೆಗಳ ರೂಪದಲ್ಲಿ ಪ್ರೀಕಾಸ್ಟ್ ಕಾಂಕ್ರೀಟು ತೋಟಗಳಿಗೆ ಎಂದೋ ಬಂದಿತ್ತು. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ನೋಡನೋಡುತ್ತಲೇ ಎದ್ದದ್ದು ಇದೇ ವಿಧಾನದಲ್ಲಿ. ಕೇಂದ್ರ ಸರ್ಕಾರ 2021ರಲ್ಲಿ ಆರು ನಗರಗಳಲ್ಲಿ ಆರಂಭಿಸಿದ ‘ಲೈಟ್ ಹೌಸ್’ ವಸತಿ ಯೋಜನೆಗಳ ಪೈಕಿ ಚೆನ್ನೈನ 1,152 ಮನೆಗಳೂ ಪ್ರೀಕಾಸ್ಟ್ ಭಾಗಗಳಿಂದಲೇ ಆದವು. ಕಾರ್ಖಾನೆಯ ನೆರಳಿನಲ್ಲಿ, ಅಳತೆಯ ಅಚ್ಚಿನಲ್ಲಿ, ಸರಿಯಾಗಿ ಕ್ಯೂರಿಂಗ್ ಆದ ಹಲಗೆ ನಮ್ಮೂರ ಸೈಟಿನಲ್ಲಿ ಕೈಯಿಂದ ಕಲಸಿದ ಕಾಂಕ್ರೀಟಿಗಿಂತ ಗುಣದಲ್ಲಿ ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ತೊಡಕಿರುವುದು ಎರಡು ಹಲಗೆಗಳು ಕೂಡುವ ಸಂದಿಯಲ್ಲಿ.

ಸ್ಥಳದಲ್ಲಿಯೇ ಎರಕ ಹೊಯ್ಯುವ ಕಟ್ಟಡದಲ್ಲಿ ತೊಲೆಯ ಸರಳು ಕಂಬದ ಒಳಕ್ಕೆ, ಛಾವಣಿಯ ಸರಳು ತೊಲೆಯ ಒಳಕ್ಕೆ ಹಾದುಹೋಗುತ್ತದೆ. ಕಾಂಕ್ರೀಟು ಎಲ್ಲವನ್ನೂ ಒಂದೇ ಒಡಲಾಗಿಸುತ್ತದೆ. ಕೆಲಸ ಅಷ್ಟಿಷ್ಟು ಒರಟಾಗಿದ್ದರೂ ಭಾಗಗಳ ನಡುವೆ ನಂಟಿರುತ್ತದೆ. ಪ್ರೀಕಾಸ್ಟ್ ಕಟ್ಟಡದಲ್ಲಿ ಪ್ರತಿಯೊಂದು ಹಲಗೆಯ ಸರಳೂ ಆ ಹಲಗೆಯ ಅಂಚಿಗೇ ಮುಗಿಯುತ್ತದೆ. ಅಲ್ಲಿ ನಂಟನ್ನು ಬೇರೆಯಾಗಿ ಕಟ್ಟಿಕೊಡಬೇಕು. ಅಂಚಿನಿಂದ ಹೊರಚಾಚಿದ ಸರಳಿನ ಕುಣಿಕೆಗಳನ್ನು ಒಂದರೊಳಗೊಂದು ಕೂಡಿಸಿ ಸಂದಿಗೆ ಕಾಂಕ್ರೀಟು ಹೊಯ್ಯುವುದು ಒಂದು ಬಗೆ. ಕೆಳಗಿನ ಗೋಡೆಯಿಂದ ಎದ್ದ ಸರಳನ್ನು ಮೇಲಿನ ಗೋಡೆಯ ಕೊಳವೆಯೊಳಕ್ಕೆ ಇಳಿಸಿ ಗ್ರೌಟ್ ತುಂಬುವುದು ಇನ್ನೊಂದು. ಉಕ್ಕಿನ ತಗಡುಗಳನ್ನು ಹೂತು ಅವಕ್ಕೆ ಬೆಸುಗೆ ಹಾಕುವುದು ಮತ್ತೊಂದು. ಛಾವಣಿಯ ಹಲಗೆಗಳ ಮೇಲೆ ಸರಳಿನ ಜಾಲರಿ ಹಾಸಿ ತೆಳುವಾಗಿ ಕಾಂಕ್ರೀಟು ಹೊಯ್ದರೆ ಬಿಡಿ ಹಲಗೆಗಳೆಲ್ಲ ಸೇರಿ ಒಂದೇ ತಟ್ಟೆಯಾಗುತ್ತವೆ. ನಮ್ಮ ಮಲೆನಾಡಿನ ಬಡಗಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂಡಿಗೆ ಎಷ್ಟೇ ದಪ್ಪವಿರಲಿ, ತೊಲೆ ಅದಕ್ಕೆ ಕೂಡುವ ಕೀಲು ಸಡಿಲವಾದರೆ ಮನೆ ವಾಲುತ್ತದೆಂದು ಅವನಿಗೆ ಗೊತ್ತು. ಆದ್ದರಿಂದಲೇ ಅವನು ಬೆಣೆ ಹೊಡೆಯುತ್ತಾನೆ.

ಇನ್ನು ತೂಕದ ವಿಚಾರ. ನೆಲ ನಿಶ್ಚಲವಾಗಿರುವವರೆಗೆ ಭಾರ ಕಟ್ಟಡವನ್ನು ಅದರ ಜಾಗದಲ್ಲಿ ಒತ್ತಿ ಹಿಡಿಯುತ್ತದೆ. ನೆಲ ಅಲುಗತೊಡಗಿದಾಗ ಭಾರ ಹೆಚ್ಚಿದಷ್ಟೂ ಕಟ್ಟಡದ ಮೇಲೆ ಬೀಳುವ ಅಡ್ಡ ಬಲ ಹೆಚ್ಚುತ್ತದೆ. ಭೂಕಂಪದಲ್ಲಿ ನೆಲ ಅಕ್ಕಪಕ್ಕಕ್ಕೆ ಮಾತ್ರವಲ್ಲ, ಮೇಲೆ ಕೆಳಗೂ ಅಲುಗುತ್ತದೆ. ನೆಲ ತಟ್ಟನೆ ಕೆಳಕ್ಕೆ ಸರಿದ ಕ್ಷಣ ಹಲಗೆಯನ್ನು ಒತ್ತಿ ಹಿಡಿದಿದ್ದ ಭಾರವೂ ಕಡಿಮೆಯಾಗುತ್ತದೆ. ಎದುರುಬದುರಿನ ಗೋಡೆಗಳು ತಮ್ಮ ಪಾಡಿಗೆ ತಾವು ಹೊರಳಿದರೆ ಎರಡು ಮೂರು ಅಂಗುಲದ ಆಸರೆ ತಪ್ಪಲು ಎಷ್ಟು ಹೊತ್ತು ಬೇಕು? ಆಗ ಎರಡು ಟನ್ನಿನ ಹಲಗೆ ಹೋಗುವುದು ಒಂದೇ ಕಡೆಗೆ: ಕೆಳಗೆ ಮಲಗಿದವರ ಮೇಲಕ್ಕೆ.

ಇದು ಊಹೆಯ ಮಾತಲ್ಲ. 2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಕಛ್ ಪ್ರದೇಶ ಕಂಪಿಸಿದಾಗ ಕುಸಿದವುಗಳಲ್ಲಿ ಸರ್ಕಾರವೇ ಅದಕ್ಕೆ ಮುಂಚಿನ ಒಂದೆರಡು ವರ್ಷಗಳಲ್ಲಿ ಕಟ್ಟಿಸಿದ್ದ ಪ್ರೀಕಾಸ್ಟ್ ಶಾಲೆಗಳಿದ್ದವು. ಹಳ್ಳಿಗಾಡಿನ ಮಕ್ಕಳಿಗಾಗಿ ಬೇಗನೆ, ಅಗ್ಗವಾಗಿ ಕಟ್ಟಿದ ಒಂದೊಂದು ಕೋಣೆಯ ಶಾಲೆಗಳವು. ಅವುಗಳ ಸದುದ್ದೇಶವನ್ನು ಯಾರೂ ಪ್ರಶ್ನಿಸಲಾರರು. ನಂತರ ಪರಿಶೀಲಿಸಿದ ತಜ್ಞರು ಕಂಡದ್ದು, ಛಾವಣಿಯ ಹಲಗೆಗಳಿಗೂ ಅವುಗಳನ್ನು ಹೊತ್ತ ಭಾಗಗಳಿಗೂ ನಡುವೆ ಸಾಕಷ್ಟು ಬಿಗಿತವಿಲ್ಲದಿದ್ದುದನ್ನು. ಅಂದು ಗಣರಾಜ್ಯೋತ್ಸವ, ಪಾಠದ ದಿನವಲ್ಲ. ಅಂಜಾರ್ ಪಟ್ಟಣದ ಇಕ್ಕಟ್ಟಾದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಮಕ್ಕಳು ಅಕ್ಕಪಕ್ಕದ ಮನೆಗಳು ಕುಸಿದು ಸತ್ತ ದುರಂತವನ್ನು ದೇಶ ಮರೆತಿಲ್ಲ. ಅದೇ ಕಂಪನ ಪಾಠದ ದಿನ, ಪಾಠದ ವೇಳೆಯಲ್ಲಿ ಬಂದಿದ್ದರೆ ಆ ಹೊಸ ಶಾಲೆಗಳೊಳಗೆ ಏನಾಗುತ್ತಿತ್ತೆಂಬುದನ್ನು ನಾವು ಯೋಚಿಸಲೂ ಹೆದರಬೇಕು.

ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಆರ್ಮೇನಿಯದಲ್ಲಿ 1988ರ ಡಿಸೆಂಬರ್ 7ರಂದು ಸಂಭವಿಸಿದ ಭೂಕಂಪ ಸುಮಾರು 25 ಸಾವಿರ ಜೀವಗಳನ್ನು ಬಲಿ ತೆಗೆದುಕೊಂಡಿತು. ಇಂದು ಗ್ಯುಮ್ರಿ ಎನಿಸಿಕೊಂಡಿರುವ ಅಂದಿನ ಲೆನಿನಾಕನ್ ನಗರದಲ್ಲಿ ಎರಡು ಬಗೆಯ ಪ್ರೀಕಾಸ್ಟ್ ವಸತಿ ಕಟ್ಟಡಗಳಿದ್ದವು. ಕಂಬ, ತೊಲೆ, ಹಲಗೆಗಳನ್ನು ಬಿಡಿಬಿಡಿಯಾಗಿ ತಂದು ಜೋಡಿಸಿದ ಒಂಬತ್ತು ಅಂತಸ್ತಿನ ಕಟ್ಟಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಸಮವಾದವು. ಕಂಬದ ಸರಳುಗಳ ಬೆಸುಗೆ ದುರ್ಬಲವಾಗಿತ್ತು, ಮಹಡಿಯ ಹಲಗೆಗಳಿಗೆ ಚೌಕಟ್ಟಿನೊಂದಿಗೆ ಸರಿಯಾದ ನಂಟಿರಲಿಲ್ಲ. ಗೋಡೆಯೇ ಭಾರ ಹೊರುವಂತೆ, ಅಗಲವಾದ ಹಲಗೆಗಳನ್ನು ಹಲವು ಕಡೆ ಕೂಡಿಸಿ ಕಟ್ಟಿದ ಇನ್ನೊಂದು ಬಗೆಯ ಕಟ್ಟಡಗಳು ಅದೇ ನಗರದಲ್ಲಿ, ಅದೇ ನಡುಕದಲ್ಲಿ ಗಟ್ಟಿಯಾಗಿ ನಿಂತವು. ಅದೇ ದೇಶ, ಅದೇ ಸರ್ಕಾರಿ ವ್ಯವಸ್ಥೆ. ಕೂಡಿಸಿದ ಬಗೆ ಮಾತ್ರ ಬೇರೆ.

ಮೂರನೆಯ ನಿದರ್ಶನ ನಮ್ಮ ಮೇಸ್ತ್ರಿಯ ಮಾತಿಗೆ ನೇರ ಉತ್ತರದಂತಿದೆ. ಉತ್ತರ ಇಟಲಿಯ ಎಮಿಲಿಯ ಪ್ರಾಂತ್ಯದಲ್ಲಿ 2012ರ ಮೇ 20 ಮತ್ತು 29ರಂದು ಎರಡು ಕಂಪನಗಳಾದವು. ಎರಡರ ತೀವ್ರತೆಯೂ 6ರ ಆಸುಪಾಸು. ಭೂಕಂಪಗಳ ಲೆಕ್ಕದಲ್ಲಿ ಮಧ್ಯಮ ಪ್ರಮಾಣದವು. ಅಲ್ಲಿನ ಎಷ್ಟೋ ಕಾರ್ಖಾನೆಗಳ ಪ್ರೀಕಾಸ್ಟ್ ತೊಲೆಗಳು ಕಂಬಗಳ ಮೇಲೆ ಸ್ವಂತ ಭಾರದಿಂದ, ಬರಿಯ ಘರ್ಷಣೆಯ ಬಲದಿಂದ ಕುಳಿತಿದ್ದವು. ಅವು ಜಾರಿ ಬಿದ್ದವು. ಮೊದಲ ಕಂಪನ ನಸುಕಿನಲ್ಲಾಯಿತು. ಒಂಬತ್ತು ದಿನಗಳ ನಂತರದ್ದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಕಾರ್ಮಿಕರು ಮರಳಿ ಕೆಲಸಕ್ಕೆ ಬಂದಿದ್ದಾಗ ಬಂತು. ಎರಡರಲ್ಲಿಯೂ ಸತ್ತ ಇಪ್ಪತ್ತೇಳು ಮಂದಿಯಲ್ಲಿ ಹಲವರು ಕಾರ್ಖಾನೆಯ ಕಾರ್ಮಿಕರು. ಆ ಪ್ರದೇಶವನ್ನು ಇಟಲಿಯ ಸರ್ಕಾರ 2003ರವರೆಗೆ ಭೂಕಂಪದ ಅಪಾಯವಿರುವ ಪಟ್ಟಿಗೇ ಸೇರಿಸಿರಲಿಲ್ಲ. ನಕ್ಷೆಯಲ್ಲಿ ಅಪಾಯವಿಲ್ಲವೆಂದು ತೊಲೆಗೆ ಬೋಲ್ಟು ಹಾಕಿರಲಿಲ್ಲ.

ಇಷ್ಟು ಓದಿದ ಮೇಲೆ, ನಮ್ಮ ಕಾಫಿ ಬೆಟ್ಟಗಳಿಗೂ ಕಛ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಕಛ್‌ನಂಥ ಅಪಾಯ ಇಲ್ಲಿದೆಯೆಂದು ಹೆದರಿಸುವುದು ಬೇಜವಾಬ್ದಾರಿಯಾದೀತು. ಆದರೆ ದಕ್ಷಿಣದ ಪ್ರಸ್ಥಭೂಮಿ ಅಲುಗದ ಬಂಡೆ ಎಂಬ ಹಳೆಯ ನಂಬಿಕೆ ಎರಡು ಬಾರಿ ಒಡೆದಿದೆ. ನಮ್ಮದೇ ಪಶ್ಚಿಮ ಘಟ್ಟದ ಸಾಲಿನಲ್ಲಿರುವ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಸಂಭವಿಸಿದ ಭೂಕಂಪ ನೂರೆಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದು, ಅಣೆಕಟ್ಟನ್ನೂ ಬಿರುಕುಗೊಳಿಸಿತು. ಜಲಾಶಯದ ನೀರಿಗೆ ಅದರಲ್ಲಿ ಪಾತ್ರವಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಸಂಭವಿಸಿದ್ದು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಮೊದಲನೆಯ ವಲಯದಲ್ಲಿ, ಅಂದರೆ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು. ಅಷ್ಟರಲ್ಲಿ ಎಂಟು ಸಾವಿರದಷ್ಟು ಜನರು ಸತ್ತಿದ್ದರು.

ಆ ರಾತ್ರಿ ನಾನು ಗುಲ್ಬರ್ಗ ಜಿಲ್ಲೆಯ ಗಡಿ ತಾಲ್ಲೂಕೊಂದರಲ್ಲಿ ಕಿರಿಯ ಅಧಿಕಾರಿ. ನಸುಕಿನ ನಾಲ್ಕರ ಹೊತ್ತಿಗೆ ಮಂಚ ಅಲುಗಿ ಎಚ್ಚರವಾಯಿತು. ಕೆಲವು ದಿನಗಳ ನಂತರ ನೆರವಿನ ಸಾಮಗ್ರಿಯೊಂದಿಗೆ ಗಡಿಯಾಚೆ ಹೋದಾಗ ಕಂಡ ದೃಶ್ಯ ಇಂದಿಗೂ ಕಣ್ಣ ಮುಂದಿದೆ. ಎರಡಡಿಗೂ ದಪ್ಪನೆಯ ಕಲ್ಲು ಗೋಡೆಗಳು ರಾಶಿಯಾಗಿ ಬಿದ್ದಿದ್ದವು. ಎಷ್ಟೋ ಕಡೆ ಅವುಗಳ ನಡುವೆ ಮರದ ಕಂಬ ತೊಲೆಗಳ ಚೌಕಟ್ಟು ಮಾತ್ರ ನಿಂತಿತ್ತು. ದಪ್ಪಗೋಡೆಯ ಮನೆ ಭದ್ರವೆಂದು ನಂಬಿದವರು ಆ ಗೋಡೆಯ ಅಡಿಯಲ್ಲಿಯೇ ಸಿಕ್ಕಿಬಿದ್ದಿದ್ದರು. ಕೀಲು ಕೂಡಿದ ಬಡಕಲು ಮರ ಉಳಿದಿತ್ತು. ಅಂದು ಅದರ ಅರ್ಥ ನನಗೆ ಪೂರ್ಣವಾಗಿ ಹೊಳೆಯಲಿಲ್ಲ.

2022ರ ಜೂನ್ ಕೊನೆಯ ವಾರದಲ್ಲಿ ಕೊಡಗಿನ ಚೆಂಬು, ಸಂಪಾಜೆ ಹಾಗೂ ಸುಳ್ಯದ ಸುತ್ತಮುತ್ತ ಮತ್ತೆ ಮತ್ತೆ ನೆಲ ನಡುಗಿದಾಗ ತೀವ್ರತೆ 3ರ ಆಸುಪಾಸಿನಲ್ಲಿತ್ತು. ಗೋಡೆ ಬಿರುಕು ಬಿಟ್ಟದ್ದು ಬಿಟ್ಟರೆ ಹೆಚ್ಚಿನ ಹಾನಿಯಾಗಲಿಲ್ಲ. ಅದನ್ನು ಮಹಾದುರಂತದ ಮುನ್ಸೂಚನೆಯೆಂದು ಹೇಳಲು ಆಧಾರವಿಲ್ಲ. ಆದರೆ ಮಲೆನಾಡಿನಲ್ಲಿ ನೆಲ ಸರಿಯಲು ಭೂಕಂಪವೇ ಆಗಬೇಕೆಂದಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜರಿದು ಮನೆ, ತೋಟಗಳು ಹೋದುದನ್ನು ಈ ಜಿಲ್ಲೆ ಮರೆತಿಲ್ಲ. ಅಂಥ ಕುಸಿತಕ್ಕೆ ಯಾವ ಕಟ್ಟಡವೂ ತಡೆಯಾಗಲಾರದು. ಆದರೆ ಇಳಿಜಾರಿನಲ್ಲಿ ಮಣ್ಣು ತೋಡಿ ಒಂದು ಬದಿ ಗಟ್ಟಿ ನೆಲದ ಮೇಲೂ ಇನ್ನೊಂದು ಬದಿ ತುಂಬಿದ ಮಣ್ಣಿನ ಮೇಲೂ ಕಟ್ಟಿದ ಮನೆಯ ತಳಪಾಯ ಮಳೆಗಾಲದಲ್ಲಿ ಒಂದೆರಡು ಅಂಗುಲ ಕುಸಿಯುವುದು ಇಲ್ಲಿ ಸರ್ವೇಸಾಮಾನ್ಯ. ಕೀಲು ಬಿಗಿಯಾಗಿದ್ದರೆ ಮನೆ ವಾಲುತ್ತದೆ, ಬಿರುಕು ಬಿಡುತ್ತದೆ, ಒಳಗಿನವರಿಗೆ ಹೊರಬರಲು ಸಮಯ ಕೊಡುತ್ತದೆ. ಹಲಗೆ ಸುಮ್ಮನೆ ಕುಳಿತಿದ್ದರೆ ಆಸರೆ ತಪ್ಪಿ ಬೀಳುತ್ತದೆ. ಇದರ ಜತೆಗೆ ನಮ್ಮ ಮಳೆ. ಬೆಸುಗೆ ಹಾಕಿದ ತಗಡಿಗೆ ಸರಿಯಾದ ಹೊದಿಕೆ ಇಲ್ಲದಿದ್ದರೆ, ಸಂದಿಯ ಗ್ರೌಟ್ ಅರೆಬರೆಯಾಗಿದ್ದರೆ, ಮೊದಲ ವರ್ಷ ಗಟ್ಟಿಯಾಗಿದ್ದ ಕೀಲು ಹತ್ತು ಮಳೆಗಾಲಗಳ ನಂತರ ತುಕ್ಕಾಗಿರುತ್ತದೆ. ಹೊರಗಿನ ಬಣ್ಣ ಮಾತ್ರ ವರ್ಷ ವರ್ಷವೂ ಹೊಸದು.

ಹಾಗಾದರೆ ಇದನ್ನು ಮಾರುಕಟ್ಟೆಯೇ ಸರಿಪಡಿಸಲಾರದೆ? ಒಳ್ಳೆಯ ಕೀಲು ಹಾಕುವ ಕಂಪನಿಗೆ ಜನ ಹೆಚ್ಚು ಹಣ ಕೊಡಲಾರರೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಪಾಠವೊಂದು ಇಲ್ಲಿ ನೆನಪಾಗುತ್ತದೆ. ಮಾರುವವನಿಗೆ ತಿಳಿದಿರುವ ಸರಕಿನ ಗುಣ ಕೊಳ್ಳುವವನಿಗೆ ತಿಳಿಯದಿದ್ದರೆ, ಕಳಪೆ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿಕೊಟ್ಟರು. ಭುಜ್ ಭೂಕಂಪದ ವರ್ಷವಾದ 2001ರಲ್ಲಿಯೇ ಅವರಿಗೆ ನೊಬೆಲ್ ದೊರೆಯಿತು. ಕಾರನ್ನಾದರೂ ಕೊಂಡ ಮೇಲೆ ಓಡಿಸಿ ನೋಡಬಹುದು. ಗ್ರೌಟಿನಡಿ ಮುಚ್ಚಿಹೋದ ಕೀಲನ್ನು ಓಡಿಸಿ ನೋಡಲು ಬರುವುದಿಲ್ಲ. ಅದರ ಪರೀಕ್ಷೆ ಐವತ್ತು ವರ್ಷಕ್ಕೊಮ್ಮೆ ನಡೆಯಬಹುದು, ನಡೆಯದೆಯೂ ಇರಬಹುದು. ಹೀಗಿರುವಾಗ ಕೀಲಿನಲ್ಲಿ ಉಳಿತಾಯ ಮಾಡುವ ಗುತ್ತಿಗೆದಾರನೇ ಕಡಿಮೆ ದರ ನಮೂದಿಸುತ್ತಾನೆ. ಟೆಂಡರು ಅವನಿಗೇ ಸಿಗುತ್ತದೆ.

ಸರ್ಕಾರಿ ಕಟ್ಟಡಗಳಲ್ಲಿ ಸ್ಥಿತಿ ಭಿನ್ನವಾಗಿಲ್ಲ. ನಮ್ಮ ಅಳತೆ ಪುಸ್ತಕದ ರೂಢಿ ಎಂಥದೆಂದರೆ ಗೋಡೆಗೆ ಚದರ ಮೀಟರು, ಕಾಂಕ್ರೀಟಿಗೆ ಘನ ಮೀಟರು, ಕಬ್ಬಿಣಕ್ಕೆ ಕಿಲೋ. ಅಳೆಯಲು ಬರುವುದಕ್ಕೆ ಹಣ ಸಂದಾಯವಾಗುತ್ತದೆ. ಕೀಲು ಅಳತೆಗೆ ಸಿಗುವುದಿಲ್ಲ. ‘ಜೋಡಣೆ ಸೇರಿದಂತೆ’ ಎಂಬ ಎರಡು ಪದಗಳಲ್ಲಿ ಅದು ಅಡಗಿಬಿಡುತ್ತದೆ. ಹಣವಿಲ್ಲದ ಕೆಲಸವನ್ನು ಗುತ್ತಿಗೆದಾರ ಶ್ರದ್ಧೆಯಿಂದ ಮಾಡಲಿ ಎಂದು ನಿರೀಕ್ಷಿಸುವುದು ಆಡಳಿತವಲ್ಲ. ನಾನು ರುಜು ಹಾಕಿದ ನೂರಾರು ಬಿಲ್ಲುಗಳಲ್ಲಿ ಒಂದರಲ್ಲಿಯೂ ಕೀಲಿನ ಬಗ್ಗೆ ಪ್ರಶ್ನೆ ಎತ್ತಿದ ನೆನಪಿಲ್ಲ. ಗೋಡೆಗೆ ಬಣ್ಣ ಬಳಿದಿಲ್ಲವೆಂದು, ನಾಮಫಲಕ ಹಾಕಿಲ್ಲವೆಂದು ತಡೆಹಿಡಿದದ್ದುಂಟು.

ನಿಯಮಗಳಿಗೆ ಕೊರತೆಯಿಲ್ಲ. ಕಾಂಕ್ರೀಟು ಕಟ್ಟಡಗಳ ಭೂಕಂಪ ನಿರೋಧಕ ವಿವರಗಳಿಗೆ ಸಂಬಂಧಿಸಿದ ಐಎಸ್ 13920 ಸಂಹಿತೆ, ಪ್ರೀಕಾಸ್ಟ್ ಕಟ್ಟಡವೂ ಒಂದೇ ಎರಕದ ಕಟ್ಟಡದಷ್ಟೇ ಬಾಗಿ ತಾಳುವ ಗುಣ ಹೊಂದಿರಬೇಕೆಂದು ಷರತ್ತು ವಿಧಿಸಿದೆ. ಕಡ್ಡಿಯಂತೆ ಮುರಿಯಬಾರದು, ಬೆತ್ತದಂತೆ ಬಾಗಬೇಕು ಎಂಬುದು ಅದರ ಸಾರ. ಪ್ರೀಕಾಸ್ಟ್ ಕಟ್ಟಡಗಳ ವಿನ್ಯಾಸ ಮತ್ತು ಜೋಡಣೆಗೆಂದೇ 2010ರಲ್ಲಿ ಐಎಸ್ 15916 ಬಂದಿದೆ. ಇದು ಅಸಾಧ್ಯವಾದ ಕೆಲಸವೂ ಅಲ್ಲ. 1999ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಪ್ರಯೋಗಾಲಯದಲ್ಲಿ ಐದು ಅಂತಸ್ತಿನ ಪ್ರೀಕಾಸ್ಟ್ ಮಾದರಿಯನ್ನು ಭೂಕಂಪದಂತೆ ಅಲುಗಿಸಿ, ಅದು ಅಲ್ಪ ಹಾನಿಯೊಂದಿಗೆ ನಿಲ್ಲಬಲ್ಲದೆಂದು ತೋರಿಸಿದರು. ಅದರ ಬೆನ್ನಲ್ಲೇ ಭೂಕಂಪಕ್ಕೆ ಕುಖ್ಯಾತವಾದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 39 ಅಂತಸ್ತಿನ ಪ್ರೀಕಾಸ್ಟ್ ಕಟ್ಟಡವೇ ಎದ್ದಿತು. ವಿದ್ಯೆ ಇದೆ, ಸಂಹಿತೆ ಇದೆ. ಅವು ಬೆಟ್ಟದ ಮೇಲಿನ ಸೈಟಿಗೆ ತಲುಪುವ ದಾರಿ ಇಲ್ಲ.

ಆ ದಾರಿಯನ್ನು ಮಾಡಲು ದೊಡ್ಡ ಹಣವಾಗಲಿ ಹೊಸ ಪ್ರಾಧಿಕಾರವಾಗಲಿ ಬೇಕಿಲ್ಲ. ಮೊದಲನೆಯದಾಗಿ, ದರಪಟ್ಟಿಯಲ್ಲಿ ಕೀಲಿಗೆ ಪ್ರತ್ಯೇಕ ಬಾಬು ಇರಲಿ. ಇಷ್ಟು ಕೀಲು, ಕೀಲೊಂದಕ್ಕೆ ಇಷ್ಟು ದರ ಎಂದು ಲೆಕ್ಕವಾಗಲಿ. ಹಣ ಸಿಗುವ ಕೆಲಸಕ್ಕೆ ಗಮನವೂ ಸಿಗುತ್ತದೆ. ಎರಡನೆಯದಾಗಿ, ಕೀಲನ್ನು ಮುಚ್ಚುವ ಮೊದಲು ಕೆಲಸ ನಿಲ್ಲಿಸಿ, ವಿನ್ಯಾಸ ಮಾಡಿದ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಿ ರುಜು ಹಾಕಲಿ. ದಿನಾಂಕವಿರುವ ಛಾಯಾಚಿತ್ರ ಬಿಲ್ಲಿನೊಂದಿಗಿರಲಿ. ಮೊಬೈಲ್ ಫೋನಿನಲ್ಲಿ ಶೌಚಾಲಯದ ಗುಂಡಿಯ ಚಿತ್ರ ತೆಗೆದು ಕಳುಹಿಸಿದ ಬಳಿಕವೇ ಕಂತು ಬಿಡುಗಡೆ ಮಾಡುವ ಸರ್ಕಾರಕ್ಕೆ ಇದು ಕಷ್ಟವಲ್ಲ. ಮೂರನೆಯದಾಗಿ, ಗ್ರಾಮ ಪಂಚಾಯಿತಿ ನೀಡುವ ಪರವಾನಗಿಗೆ ಪ್ರೀಕಾಸ್ಟ್ ಕಟ್ಟಡವಾದರೆ ಕೀಲಿನ ನಕ್ಷೆಯನ್ನು ಲಗತ್ತಿಸುವುದು ಕಡ್ಡಾಯವಾಗಲಿ. ಪಿಡಿಒ ಅದನ್ನು ಅರ್ಥಮಾಡಿಕೊಳ್ಳಬೇಕಾಗಿಲ್ಲ; ನಕ್ಷೆ ದಾಖಲೆಯಲ್ಲಿದ್ದರೆ ರುಜು ಹಾಕಿದವನ ಹೊಣೆಯೂ ದಾಖಲೆಯಲ್ಲಿರುತ್ತದೆ. ನಾಲ್ಕನೆಯದಾಗಿ, ಈಗಾಗಲೇ ಎದ್ದಿರುವ ಕಟ್ಟಡಗಳ ತಪಾಸಣೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಕೂಲಿ ಲೈನುಗಳಿಂದ ಆರಂಭವಾಗಲಿ. ಇಟಲಿ 2012ರ ನಂತರ ಮಾಡಿದ್ದು ಇದನ್ನೇ: ತೊಲೆ, ಕಂಬಗಳ ನಡುವಿನ ಜೋಡಣೆಯ ಕೊರತೆ ನೀಗಿಸಿದ ಮೇಲೆಯೇ ಕಾರ್ಖಾನೆಯನ್ನು ಮತ್ತೆ ಬಳಸಬಹುದೆಂದು ಕಾನೂನು ಮಾಡಿತು. ಉಕ್ಕಿನ ಕೋನಪಟ್ಟಿ, ಬೋಲ್ಟುಗಳಿಂದ ಎಷ್ಟೋ ಕಡೆ ಕೆಲಸ ಮುಗಿಯುತ್ತದೆ.

ಇದರಿಂದ ಇನ್ನೊಂದು ರುಜು, ಇನ್ನೊಂದು ಲಂಚದ ಕಟ್ಟೆ ಹುಟ್ಟುತ್ತದೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನು ಒಳಗಿನಿಂದಲೇ ಕಂಡವನು ನಾನು. ಆದ್ದರಿಂದಲೇ ಹೊಸ ಇನ್‌ಸ್ಪೆಕ್ಟರನ್ನು ಕೇಳುತ್ತಿಲ್ಲ. ವಿನ್ಯಾಸಕಾರನ ಹೆಸರು ಮತ್ತು ಮುಚ್ಚುವ ಮುಂಚಿನ ಚಿತ್ರ ಎಲ್ಲರಿಗೂ ಕಾಣುವಂತಿರಲಿ ಎಂದಷ್ಟೇ ಕೇಳುತ್ತಿದ್ದೇನೆ. ಕಣ್ಣಿಗೆ ಕಾಣದ್ದನ್ನು ಕಾಣಿಸುವುದು ಆಡಳಿತ ಮಾಡಬಹುದಾದ ಅತ್ಯಂತ ಅಗ್ಗದ ಸುಧಾರಣೆ.

ಭಾವನವರ ತೋಟದ ಕಥೆಯನ್ನು ಮುಗಿಸಬೇಕು. ನನ್ನ ಒತ್ತಾಯಕ್ಕೆ ಅವರು ವಿನ್ಯಾಸ ಮಾಡಿದ ಎಂಜಿನಿಯರಿಗೆ ಫೋನು ಮಾಡಿದರು. ಮೂರನೆಯ ದಿನ ಆತ ಬಂದು ನಕ್ಷೆ ಬಿಚ್ಚಿದ. ಛಾವಣಿಯ ಹಲಗೆಗಳನ್ನು ಗೋಡೆಯ ಸರಳಿಗೆ ಕಟ್ಟಿ, ಮೇಲೆ ಜಾಲರಿ ಹಾಸಿ ಕಾಂಕ್ರೀಟು ಹೊಯ್ಯಬೇಕೆಂದು ನಕ್ಷೆಯಲ್ಲಿ ಸ್ಪಷ್ಟವಾಗಿತ್ತು. ಗುತ್ತಿಗೆಯ ಪತ್ರದಲ್ಲಿ ಅದು ಇರಲಿಲ್ಲ. ದರ ಇಳಿಸುವ ಚೌಕಾಸಿಯಲ್ಲಿ ಯಾವಾಗಲೋ ಅದು ಬಿಟ್ಟುಹೋಗಿತ್ತು. ಬಿಟ್ಟದ್ದು ಗುತ್ತಿಗೆದಾರನಾದರೂ ಒಪ್ಪಿದ್ದು ಭಾವನವರೇ. ‘ಅದು ಅಂಥಾ ಮುಖ್ಯ ಅಂತ ನಂಗೆ ಯಾರೂ ಹೇಳಲಿಲ್ಲ ಮಾರಾಯ’ ಎಂದು ಅವರು ಪೆಚ್ಚಾದರು. ಕೆಲಸ ಮತ್ತೆ ಶುರುವಾಗಿ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಹೆಚ್ಚಿನ ಖರ್ಚು ಅವರ ಮನೆಯ ಗೇಟಿಗಾದುದಕ್ಕಿಂತ ಕಡಿಮೆ.

ಆ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಎರಡು ಕುಟುಂಬಗಳಿವೆ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆ ಹೊರಿಸಿದಾಗ, ತಲೆಯ ಮೇಲಿನ ಸೂರು ತಲೆಯ ಮೇಲೆ ಬೀಳದಂತಿರಬೇಕೆಂಬುದೂ ಅದರಲ್ಲಿ ಅಡಕವಾಗಿತ್ತೆಂದೇ ನಾವು ತಿಳಿಯಬೇಕು. ಅಲ್ಲಿ ಮಲಗುವವರು ನಕ್ಷೆ ನೋಡಿಲ್ಲ, ಗುತ್ತಿಗೆಯ ಪತ್ರ ಓದಿಲ್ಲ. ಚೌಕಾಸಿಯಲ್ಲಿ ಅವರಿಗೆ ಮಾತಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಕೂರುವ ಮಕ್ಕಳಿಗೂ ಇರುವುದಿಲ್ಲ. ಅವರ ಪರವಾಗಿ ಯಾರಾದರೊಬ್ಬರು, ಮುಚ್ಚುವ ಮೊದಲು, ಒಮ್ಮೆ ಬಗ್ಗಿ ನೋಡಬೇಕು.